ಕೊನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ: ಕಲಿಕಾ ಫಲದಿಂದ ಶುರುವಾಗುವ ಪಾಠ ಯೋಜನೆ

ಪಾಠ ಟಿಪ್ಪಣಿಯ ಕೊನೆಯ ಕಾಲಂ ಮೌಲ್ಯಮಾಪನದ್ದು. ಬಹಳಷ್ಟು ಟಿಪ್ಪಣಿಗಳಲ್ಲಿ ಅದು ತುಂಬುವುದೂ ಕೊನೆಗೇ, ಕೈ ಸೋತ ಮೇಲೆ. ಉದ್ದೇಶದ ಕಾಲಂನಲ್ಲಿ "ಭಿನ್ನರಾಶಿಯ ಅರ್ಥ ತಿಳಿಯುವರು" ಎಂದಿರುತ್ತದೆ, ಚಟುವಟಿಕೆಯಲ್ಲಿ "ಚಾರ್ಟ್ ತೋರಿಸಿ ವಿವರಿಸುವುದು" ಎಂದಿರುತ್ತದೆ, ಮೌಲ್ಯಮಾಪನದಲ್ಲಿ "ಅಭ್ಯಾಸದ ಲೆಕ್ಕ ಮಾಡಿಸುವುದು" ಎಂದು ಒಂದೇ ಸಾಲು. ಪಾಠ ಮುಗಿಯುತ್ತದೆ, ಸಹಿಯೂ ಬೀಳುತ್ತದೆ. ಅದೇ ಮಗು ಮುಂದಿನ ವರ್ಷ 1/2 + 1/3 = 2/5 ಎಂದು ಬರೆದಾಗ, ಎಲ್ಲಿ ಕೈತಪ್ಪಿತು ಎಂದು ಹುಡುಕಲು ಆ ಟಿಪ್ಪಣಿಯಲ್ಲಿ ಏನೂ ಸಿಗುವುದಿಲ್ಲ.

ಇಲ್ಲಿ ಹೇಳುವ ಕ್ರಮದಲ್ಲಿ ಆ ಕೊನೆಯ ಕಾಲಂ ಮೊದಲು ತುಂಬುತ್ತದೆ. ಮಗುವಿಗೆ ಏನು ಬರಬೇಕು (ಇದೇ ಕಲಿಕಾ ಫಲ), ಬಂದಿದೆ ಎಂದು ಅದರ ನೋಟ್‌ಬುಕ್ಕಿನಲ್ಲಿ ಏನು ಕಂಡರೆ ನಂಬಬಹುದು, ಅಲ್ಲಿಗೆ ಹೋಗಲು ಯಾವ ಚಟುವಟಿಕೆ ಬೇಕು. ಕ್ರಮ ಇಷ್ಟೇ. ಇಲಾಖೆ ಕೇಳುವ ನಮೂನೆಯನ್ನು, ಅದು ಐದು ಹಂತಗಳ ಟಿಪ್ಪಣಿಯೇ ಆಗಿರಲಿ ಹಳೆಯ ನಾಲ್ಕು ಕಾಲಂನದೇ ಆಗಿರಲಿ, ಬದಲಿಸಬೇಕಿಲ್ಲ. ತುಂಬುವ ಕ್ರಮ ಬದಲಾದರೆ ಸಾಕು. ಉದಾಹರಣೆಗೆ ಐದನೇ ತರಗತಿಯ ಭಿನ್ನರಾಶಿ ಘಟಕವನ್ನು ತೆಗೆದುಕೊಂಡಿದ್ದೇವೆ: 30 ಮಕ್ಕಳು, 40 ನಿಮಿಷದ 12 ಅವಧಿ.

ಫಲವನ್ನು ಕಣ್ಣಿಗೆ ಕಾಣುವಂತೆ ಬರೆಯುವುದು

ಕಲಿಕಾ ಫಲಗಳನ್ನು ನೀವೇ ಹೊಸದಾಗಿ ಕಟ್ಟಬೇಕಿಲ್ಲ. 1ರಿಂದ 8ನೇ ತರಗತಿವರೆಗಿನ ಪಟ್ಟಿಯನ್ನು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 2017ರಲ್ಲಿ ಹೊರತಂದಿತು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೂ ಅದೇ ವರ್ಷ ಕಲಿಕಾ ಫಲಗಳು ಸೇರಿದವು. ಐದನೇ ತರಗತಿಯ ಭಿನ್ನರಾಶಿಗೆ ಆ ಪಟ್ಟಿ ಹೇಳುವುದು ಮುಖ್ಯವಾಗಿ ಮೂರು: ಒಂದು ಗುಂಪಿನ ಭಾಗ ಎಂದರೆ ಎಷ್ಟು ಎಂದು ಕಂಡುಹಿಡಿಯುವುದು, ಸಮಾನ ಭಿನ್ನರಾಶಿಗಳನ್ನು ಗುರುತಿಸಿ ರಚಿಸುವುದು, 1/2, 1/4, 1/5ರಂಥವನ್ನು ದಶಮಾಂಶದಲ್ಲಿ ಬರೆಯುವುದು ಮತ್ತು ದಶಮಾಂಶದಿಂದ ಹಿಂದಕ್ಕೆ ತರುವುದು.

ಇದನ್ನು ಹಾಗೇ ಟಿಪ್ಪಣಿಗೆ ಇಳಿಸಿದರೆ ಕೆಲಸಕ್ಕೆ ಬಾರದು, ಏಕೆಂದರೆ ಎಷ್ಟು ದೊಡ್ಡ ಸಂಖ್ಯೆಯವರೆಗೆ, ಯಾವ ರೂಪದಲ್ಲಿ, ಸಹಾಯ ಇದ್ದೋ ಇಲ್ಲದೆಯೋ ಎಂಬುದು ಅದರಲ್ಲಿಲ್ಲ. ನಿಮ್ಮ ತರಗತಿಗೆ ಹೊಂದಿಸಿ ಹೀಗೆ ಬರೆಯಿರಿ: "24ರವರೆಗಿನ ವಸ್ತುಗಳ ಗುಂಪಿನಲ್ಲಿ ಮೂರನೇ ಎರಡು, ನಾಲ್ಕನೇ ಮೂರು ಇಂಥ ಭಾಗ ಎಷ್ಟೆಂದು ಬೀಜ ಎಣಿಸದೆ, ಚಿತ್ರ ಬರೆದು ಅಥವಾ ಲೆಕ್ಕ ಮಾಡಿ ಹೇಳುವರು, ಹೇಗೆ ಬಂತು ಎಂದು ಒಂದು ವಾಕ್ಯದಲ್ಲಿ ಬರೆಯುವರು."

ಬರೆದ ಫಲ ಸರಿಯಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಒಂದೇ ಮಗುವಿನ ನೋಟ್‌ಬುಕ್ಕನ್ನು ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ನೋಡಿದರೆ "ಬಂದಿದೆ" ಅಥವಾ "ಬಂದಿಲ್ಲ" ಎಂದು ಒಂದೇ ಮಾತು ಹೇಳಲು ಸಾಧ್ಯವೇ? "ತಿಳಿಯುವರು", "ಅರಿಯುವರು", "ಅರ್ಥೈಸಿಕೊಳ್ಳುವರು" ಎಂದು ಬರೆದಿದ್ದರೆ ಸಾಧ್ಯವಿಲ್ಲ. ಹಾಗೆಂದು ಕಣ್ಣಿಗೆ ಕಾಣುವ ಕ್ರಿಯಾಪದ ಹಾಕಿದ ಮಾತ್ರಕ್ಕೆ ಫಲ ಒಳ್ಳೆಯದಾಗುವುದಿಲ್ಲ. "ಅಂಶ, ಛೇದಗಳನ್ನು ಹೆಸರಿಸುವರು" ಎಂಬುದು ಚೆನ್ನಾಗಿಯೇ ಕಾಣುತ್ತದೆ, ಆದರೆ ಅದು ಬಂದ ಮಗುವಿಗೆ ಭಿನ್ನರಾಶಿ ಬಂದಿದೆ ಎಂದು ಯಾರೂ ಹೇಳಲಾರರು.

ಇನ್ನೊಂದು ತಪ್ಪು, ಚಟುವಟಿಕೆಯನ್ನೇ ಫಲ ಎಂದು ಬರೆಯುವುದು. "ಕಾಗದ ಮಡಿಸಿ ಕಾಲು ಭಾಗಕ್ಕೆ ಬಣ್ಣ ಹಚ್ಚುವರು" ಎಂಬುದು ಅಂದಿನ ಕೆಲಸ. ಕಾಗದ ಕೈಬಿಟ್ಟ ಮೇಲೆ ಮಗುವಿನಲ್ಲಿ ಏನು ಉಳಿಯಿತೋ ಅದು ಫಲ.

12 ಅವಧಿಯ ಘಟಕಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಫಲ ಸಾಕು. ಹನ್ನೆರಡು ಬರೆದರೆ ಅವಧಿಗೊಂದರಂತೆ ಮುಟ್ಟಿ ಓಡಬೇಕಾಗುತ್ತದೆ. ತಿರುಗಿ ಬರಲು ಜಾಗವೇ ಇರುವುದಿಲ್ಲ.

ಪುರಾವೆ: ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ

ಈಗ ಚಾರ್ಟು, ಬಣ್ಣ ಯಾವುದನ್ನೂ ಯೋಚಿಸದೆ, ಘಟಕದ ಕೊನೆಯ ದಿನ ಕೇಳುವ ಪ್ರಶ್ನೆಗಳನ್ನು ಬರೆಯಿರಿ. ಪ್ರತಿ ಫಲಕ್ಕೆ ಎರಡು. ಬರೆದು ನಿಲ್ಲಿಸಬೇಡಿ: ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮಕ್ಕಳು ಕೊಡಬಹುದಾದ ತಪ್ಪು ಉತ್ತರಗಳನ್ನೂ, ಆ ತಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆಯಿರಿ. ಇಡೀ ಯೋಜನೆಯ ಜೀವ ಇರುವುದು ಈ ಅರ್ಧ ಗಂಟೆಯಲ್ಲಿ.

ಸಂಖ್ಯೆ ಆರಿಸುವಾಗಲೇ ಪ್ರಶ್ನೆ ಕೆಡುವುದುಂಟು. "12 ನಿಂಬೆಹಣ್ಣಿನಲ್ಲಿ ಮುಕ್ಕಾಲು ಭಾಗ ಎಷ್ಟು?" ಎಂದು ಕೇಳಿದಿರಿ ಎನ್ನಿ. ಉತ್ತರ 9. ಆದರೆ 3/4ರ ಮೂರನ್ನು ನೋಡಿ 12ರಲ್ಲಿ 3 ಕಳೆದ ಮಗುವಿಗೂ 9 ಬರುತ್ತದೆ. ನೀವು ಸರಿ ಗುರುತು ಹಾಕುತ್ತೀರಿ, ಮಗು ತನ್ನ ದಾರಿ ಸರಿ ಎಂದೇ ನಂಬುತ್ತದೆ. "4ರಲ್ಲಿ ಅರ್ಧ" ಕೂಡ ಹಾಗೇ. ಎರಡರಿಂದ ಭಾಗಿಸಿದರೂ 2, ಎರಡು ಕಳೆದರೂ 2.

ಬದಲಿಗೆ "12 ನಿಂಬೆಹಣ್ಣಿನಲ್ಲಿ ಮೂರನೇ ಎರಡು ಭಾಗ ಎಷ್ಟು?" ಎಂದು ಕೇಳಿ. ಸರಿ ಉತ್ತರ 8. 4 ಬರೆದ ಮಗು ಮೂರು ಪಾಲು ಮಾಡಿದೆ, ಒಂದೇ ಪಾಲು ತೆಗೆದುಕೊಂಡು ನಿಂತಿದೆ. 6 ಬರೆದದ್ದು ಛೇದವನ್ನು ಬಿಟ್ಟು 2ರಿಂದ ಭಾಗಿಸಿದೆ. 9 ಅಥವಾ 10 ಬರೆದದ್ದು 3ನ್ನೋ 2ನ್ನೋ ಕಳೆದಿದೆ, ಅಂದರೆ ಪಾಲು ಎಂಬ ಕಲ್ಪನೆಯೇ ಇನ್ನೂ ಬಂದಿಲ್ಲ. ನಾಲ್ಕು ತಪ್ಪಿಗೆ ನಾಲ್ಕು ಬೇರೆ ಬೇರೆ ಸಂಖ್ಯೆ ಬರುವುದರಿಂದ, ಉತ್ತರ ನೋಡಿದೊಡನೆ ಯಾವ ಮಗುವನ್ನು ಯಾವ ಕೆಲಸಕ್ಕೆ ಕೂರಿಸಬೇಕು ಎಂದು ಗೊತ್ತಾಗುತ್ತದೆ. ಮುಕ್ಕಾಲೇ ಕೇಳಬೇಕೆಂದಿದ್ದರೆ 20 ತೆಗೆದುಕೊಳ್ಳಿ: ಸರಿ ಉತ್ತರ 15, ಒಂದೇ ಪಾಲಿಗೆ 5, ಕಳೆದವರಿಗೆ 17 ಅಥವಾ 16.

ಚಿತ್ರದ ಪ್ರಶ್ನೆಗೂ ಇದೇ ಮಾತು. ನಾಲ್ಕು ಸಮ ಚೌಕ ಬರೆದು ಒಂದಕ್ಕೆ ಬಣ್ಣ ಹಚ್ಚಿ "ಎಷ್ಟು ಭಾಗ?" ಎಂದು ಕೇಳಿದರೆ ಎಣಿಸಲು ಬರುವ ಎಲ್ಲರೂ ಉತ್ತರಿಸುತ್ತಾರೆ. ಒಂದು ಆಯತ ಬರೆಯಿರಿ, ನಡುವೆ ಮೇಲಿಂದ ಕೆಳಗೆ ಗೆರೆ ಎಳೆಯಿರಿ, ಬಲಗಡೆಯ ಅರ್ಧವನ್ನು ಮಾತ್ರ ಅಡ್ಡಗೆರೆಯಿಂದ ಎರಡು ಮಾಡಿ, ಒಂದು ಸಣ್ಣ ತುಂಡಿಗೆ ಬಣ್ಣ ಹಚ್ಚಿ. ಕಾಣುವುದು ಮೂರು ತುಂಡು. 1/3 ಬರೆದ ಮಗು ತುಂಡುಗಳನ್ನು ಎಣಿಸಿದೆ. 1/4 ಬರೆದ ಮಗು ಸಮ ಭಾಗವನ್ನು ನೋಡಿದೆ.

ಸಮಾನ ಭಿನ್ನರಾಶಿಗೆ: "1/2ರಲ್ಲಿ ಮೇಲೂ ಕೆಳಗೂ 2 ಕೂಡಿಸಿದರೆ 3/4 ಆಗುತ್ತದೆ. 1/2 ಮತ್ತು 3/4 ಸಮಾನವೇ? ಚಿತ್ರ ಬರೆದು ಹೇಳಿ." ಖಾಲಿ ಜಾಗ ತುಂಬಿಸಿ 1/2 = ▢/6 ಎಂದು ಕೇಳುವುದಕ್ಕಿಂತ ಇದು ಹೆಚ್ಚು ಹೇಳುತ್ತದೆ, ಏಕೆಂದರೆ "ಮೇಲೆ ಮಾಡಿದ್ದನ್ನೇ ಕೆಳಗೂ ಮಾಡು" ಎಂಬ ಸೂತ್ರವನ್ನು ಕೂಡುವುದಕ್ಕೂ ಹಿಗ್ಗಿಸಿಕೊಂಡ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ. ದಶಮಾಂಶಕ್ಕೆ: "1/4 ಮೀಟರ್ ಮತ್ತು 0.4 ಮೀಟರ್, ಯಾವುದು ಉದ್ದ?" 1/4 ಎಂದರೆ 0.4, 1/5 ಎಂದರೆ 0.5 ಎಂದುಕೊಳ್ಳುವುದು ಈ ವಯಸ್ಸಿನಲ್ಲಿ ತೀರ ಸಾಮಾನ್ಯ.

ಪ್ರತಿ ಪ್ರಶ್ನೆಗೂ ಒಂದು ಜೋಡಿ ಪ್ರಶ್ನೆ ಬರೆದಿಡಿ, ಸಂಖ್ಯೆಯೂ ಚಿತ್ರವೂ ಬೇರೆ ಇರುವಂಥದ್ದು. ಒಂದು ಪಾಠದ ನಡುವೆ, ಇನ್ನೊಂದು ಕೊನೆಗೆ. ಈ ಜೋಡಿ ಇಲ್ಲದಿದ್ದರೆ ನಮಗೇ ಅರಿವಿಲ್ಲದೆ ಅದೇ ಪ್ರಶ್ನೆಯನ್ನು ಹತ್ತು ಸಲ ಮಾಡಿಸಿ ಬಾಯಿಪಾಠ ಮಾಡಿಸಿಬಿಡುತ್ತೇವೆ. ಫಲದಿಂದ ಯೋಜಿಸುವುದರ ದೊಡ್ಡ ಅಪಾಯ ಇದೇ.

ಎಷ್ಟು ಮಕ್ಕಳಿಗೆ ಬಂದರೆ ಮುಂದೆ ಹೋಗಬಹುದು ಎಂಬುದನ್ನೂ ಈಗಲೇ ಬರೆದಿಡಿ. 30ರಲ್ಲಿ 24 ಮಕ್ಕಳು ಉತ್ತರ ಮತ್ತು ಕಾರಣ ಎರಡನ್ನೂ ಸರಿಯಾಗಿ ಬರೆದರೆ ಮುಂದಿನ ಫಲಕ್ಕೆ, ಉಳಿದ 6 ಮಕ್ಕಳಿಗೆ ಪ್ರತ್ಯೇಕ ಕೂಟ; 15ಕ್ಕಿಂತ ಕಡಿಮೆ ಬಂದರೆ ಪಾಠದ ದಾರಿಯೇ ತಪ್ಪಿದೆ, ಇಡೀ ತರಗತಿಗೆ ಬೇರೆ ರೀತಿಯಲ್ಲಿ ಇನ್ನೊಮ್ಮೆ. ಈ ಅಂಕಿಗಳು ಅಂದಾಜಿನವು, ನಿಮ್ಮ ತರಗತಿಗೆ ತಕ್ಕಂತೆ ಬದಲಿಸಿಕೊಳ್ಳಿ. ಆದರೆ ಪಾಠ ಶುರುವಾಗುವ ಮೊದಲೇ ಬರೆದಿರಬೇಕು. ಪಾಠ ಮಾಡಿದ ಮೇಲೆ ನಿರ್ಧರಿಸಲು ಹೊರಟರೆ "ಪರವಾಗಿಲ್ಲ, ಬಂದಿದೆ" ಎಂದೇ ಅನ್ನಿಸುತ್ತದೆ.

ಒಂದು ವಾರ ಮೊದಲು, ಹತ್ತು ನಿಮಿಷ

ಭಿನ್ನರಾಶಿ ಬರುತ್ತಿಲ್ಲ ಎಂದು ಕಾಣುವ ಎಷ್ಟೋ ಕಡೆ ಬಾರದೇ ಇರುವುದು ಭಾಗಾಕಾರ. ಘಟಕಕ್ಕೆ ಒಂದು ವಾರ ಮೊದಲು ಎರಡು ಪ್ರಶ್ನೆ ಕೊಡಿ: 20 ಹುಣಸೆ ಬೀಜವನ್ನು 4 ಜನ ಸಮವಾಗಿ ಹಂಚಿಕೊಂಡರೆ ಒಬ್ಬರಿಗೆಷ್ಟು, ಬರೆದಿರುವ ರೊಟ್ಟಿಯನ್ನು 4 ಸಮ ಭಾಗ ಮಾಡಿ ಗೆರೆ ಎಳೆಯಿರಿ. ಮೊದಲನೆಯದು ಎಂಟು ಹತ್ತು ಮಕ್ಕಳಿಗೆ ತಪ್ಪಿದರೆ ಭಿನ್ನರಾಶಿ ಶುರು ಮಾಡುವ ಮೊದಲು ಎರಡು ಅವಧಿ ಹಂಚುವ ಆಟಕ್ಕೇ ಕೊಡಿ. ಜೋಡಿಗೆ 20 ಬೀಜ, 15 ಜೋಡಿಗೆ 300 ಬೀಜ ಬೇಕು. ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಬರುತ್ತವೆ.

ಇದೇ ಹೊತ್ತಿನಲ್ಲಿ ಮಕ್ಕಳ ಬಳಿ ಈಗಾಗಲೇ ಇರುವುದನ್ನೂ ಗುರುತು ಹಾಕಿಕೊಳ್ಳಿ. ಕಾಲು ಕೆಜಿ, ಮುಕ್ಕಾಲು ಗಂಟೆ, ಒಂದೂವರೆ ಲೀಟರ್ ಎಲ್ಲ ಮನೆಯಲ್ಲಿ ಕೇಳಿದ ಮಾತುಗಳೇ. ಅಜ್ಜಿ ಇರುವ ಮನೆಗಳಲ್ಲಿ ಪಾವು, ಸೇರು ಕೂಡ ಬರುತ್ತದೆ. ಪಾವು ಎಂದರೆ ಸೇರಿನ ಕಾಲು ಭಾಗ.

ಕನ್ನಡದಲ್ಲಿ ಕಲಿಸುವವರು ವಿಶೇಷವಾಗಿ ನೋಡಬೇಕಾದದ್ದು ಒಂದಿದೆ. ನಾವು 2/3ನ್ನು "ಮೂರನೇ ಎರಡು" ಎನ್ನುತ್ತೇವೆ, ಛೇದವೇ ಮೊದಲು ಬಾಯಿಗೆ ಬರುತ್ತದೆ. ಕೇಳಿದ ಮಗು ಮೊದಲು ಕೇಳಿಸಿದ 3ನ್ನು ಮೇಲೆ ಬರೆದು, 2ನ್ನು ಕೆಳಗೆ ಬರೆಯುತ್ತದೆ. ಮಗುವಿನ ಲೆಕ್ಕ ಸರಿಯಿದೆ, ಬರವಣಿಗೆ ತಲೆಕೆಳಗಾಗಿದೆ. "2 ಬೈ 3" ಎಂದು ಓದಿಸಿದರೆ ತಪ್ಪು ನಿಲ್ಲುತ್ತದೆ, ಆದರೆ ಅರ್ಥವೂ ಅಲ್ಲಿಗೆ ನಿಲ್ಲುತ್ತದೆ. ಬದಲಿಗೆ ಬರೆಯುವ ಕ್ರಮವನ್ನೇ ನುಡಿಗೆ ಹೊಂದಿಸಿ: ಮೊದಲು ಅಡ್ಡಗೆರೆ, "ಮೂರನೇ" ಎನ್ನುತ್ತಾ ಕೆಳಗೆ 3, "ಎರಡು" ಎನ್ನುತ್ತಾ ಮೇಲೆ 2. ಎಷ್ಟು ಪಾಲು ಮಾಡಿದೆವು ಎಂಬುದು ಮೊದಲು, ಎಷ್ಟು ತೆಗೆದುಕೊಂಡೆವು ಎಂಬುದು ಆಮೇಲೆ. ಮೊದಲ ವಾರ ಎಲ್ಲರೂ ಹೀಗೇ, ಕೆಳಗಿನಿಂದ ಮೇಲಕ್ಕೆ ಬರೆಯಲಿ.

ಈಗ ಅವಧಿಗಳು

ಫಲ ಮತ್ತು ಪ್ರಶ್ನೆ ಮುಂದಿಟ್ಟುಕೊಂಡು ಹಿಂದಿನಿಂದ ಹಂಚಿ. 12ನೇ ಅವಧಿ ಕೊನೆಯ ಪ್ರಶ್ನೆಗಳಿಗೆ. 11ನೇದು ಖಾಲಿ. 10 ದಶಮಾಂಶಕ್ಕೆ. 7ರಿಂದ 9 ಸಮಾನ ಭಿನ್ನರಾಶಿಗೆ. 6 ಖಾಲಿ. 3ರಿಂದ 5 ಗುಂಪಿನ ಭಾಗಕ್ಕೆ. 1 ಮತ್ತು 2 ಸಮ ಭಾಗ ಎಂದರೇನು, ಇಡೀ ಎಂದರೆ ಯಾವುದು ಎಂಬುದಕ್ಕೆ.

ಖಾಲಿ ಎಂದರೆ ನಡುವಿನ ಪ್ರಶ್ನೆಯಲ್ಲಿ ಕಂಡ ತಪ್ಪನ್ನು ಸರಿಮಾಡುವ ಅವಧಿ. ಪ್ರತಿಭಾ ಕಾರಂಜಿ, ಊರ ಜಾತ್ರೆ, ಶಿಕ್ಷಕರ ತರಬೇತಿ ಇವುಗಳಲ್ಲಿ ಒಂದಾದರೂ ನಡುವೆ ಬಂದೇ ಬರುತ್ತದೆ. ಹನ್ನೆರಡೂ ಅವಧಿಗೆ ಹೊಸ ವಿಷಯ ತುಂಬಿದ ಯೋಜನೆಯಲ್ಲಿ ಮೊದಲು ಹೋಗುವುದು ಈ ಸರಿಮಾಡುವ ಕೆಲಸವೇ.

ಚಟುವಟಿಕೆಗಳನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಾಡಿದ ಮಗು ನಾನು ಬರೆದಿಟ್ಟ ಪ್ರಶ್ನೆಗೆ ಇನ್ನಷ್ಟು ಹತ್ತಿರ ಹೋಗುತ್ತದೆಯೇ? ಥರ್ಮಾಕೋಲ್ ಕತ್ತರಿಸಿ, ಬಣ್ಣ ಬಳಿದು, ಎರಡು ಅವಧಿ ತೆಗೆದುಕೊಳ್ಳುವ ಮಾದರಿ ಗೋಡೆಗೆ ಚೆನ್ನ. ಆ ಎರಡು ಅವಧಿಯಲ್ಲಿ ಮಗು ಭಿನ್ನರಾಶಿಯ ಬಗ್ಗೆ ಯೋಚಿಸಿದ್ದು ಐದು ನಿಮಿಷ, ಉಳಿದದ್ದೆಲ್ಲ ಅಂಟಿನ ಬಗ್ಗೆ. ಬಿಡಲು ಮನಸ್ಸಾಗದಿದ್ದರೂ ಬಿಡಿ.

ಸಮಾನ ಭಿನ್ನರಾಶಿಗೆ ಕಾಗದದ ಪಟ್ಟಿಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಅಳತೆ ಮಾತ್ರ ಸರಿಯಿರಬೇಕು. ಪಟ್ಟಿ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. 24 ಏಕೆಂದರೆ ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಎಲ್ಲವೂ ಪೂರ್ಣ ಸೆಂ.ಮೀ.ಗೆ ಬರುತ್ತವೆ. 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲದ ಎ4 ಹಾಳೆಯನ್ನು ಉದ್ದದಲ್ಲಿ 24ಕ್ಕೆ ಕತ್ತರಿಸಿದರೆ ಏಳು ಪಟ್ಟಿ ಸಿಗುತ್ತವೆ. ಮಗುವಿಗೆ ಬೇಕಾದದ್ದು ಆರು: ಇಡೀ, ಅರ್ಧ, ಮೂರು, ನಾಲ್ಕು, ಆರು, ಎಂಟು ಭಾಗ. ಏಳನೆಯದು ತಪ್ಪಿದಾಗ ಬಳಸಲು. ಒಂದು ಬದಿ ಬಳಸಿದ ಹಾಳೆಗಳೇ ಸಾಕು, 30 ಹಾಳೆ.

ಎಡವುವ ಜಾಗ ಮೂರು ಭಾಗದ ಪಟ್ಟಿ. ಅರ್ಧ, ಕಾಲು, ಎಂಟು ಮಡಿಸಿದರೆ ಬರುತ್ತವೆ; ಮೂರು ಮಡಿಸಲು ಹೋದರೆ ಅರ್ಧ ಸೆಂ.ಮೀ. ಆಚೀಚೆ ಆಗುತ್ತದೆ. ಆಮೇಲೆ 1/3ರ ಕೆಳಗೆ 2/6 ಇಟ್ಟಾಗ ಅಂಚು ಕೂಡುವುದಿಲ್ಲ. ಕಣ್ಣಾರೆ ಕಂಡ ಮಗು "ಸಮಾನ ಅಲ್ಲ" ಎಂದು ಬರೆಯುತ್ತದೆ, ಅದರ ಮಟ್ಟಿಗೆ ಅದು ಸರಿಯೂ ಹೌದು. ಆದ್ದರಿಂದ ಮೂರು ಭಾಗದ್ದನ್ನು ಮಡಿಸಬೇಡಿ. ಸ್ಕೇಲ್ ಇಟ್ಟು 8 ಮತ್ತು 16ಕ್ಕೆ ಗುರುತು ಹಾಕಿಸಿ, ಆರು ಭಾಗಕ್ಕೆ 4ರ ಗುರುತು.

ಪಟ್ಟಿಗಳು ತಯಾರಾದ ಮೇಲೆ ಏಳನೇ ಅವಧಿ ಹೀಗೆ ಸಾಗಬಹುದು. ಮೊದಲ 5 ನಿಮಿಷ ಬೋರ್ಡಿನ ಮೇಲೆ ಮಕ್ಕಳ ಮಾತಿನಲ್ಲಿ ಆ ದಿನದ ಫಲ: "ಇವತ್ತಿನ ಕೊನೆಗೆ, ಒಂದೇ ಭಾಗಕ್ಕೆ ಎರಡು ಮೂರು ಹೆಸರು ಇರಬಹುದು ಎಂದು ನಾನು ಪಟ್ಟಿ ಇಟ್ಟು ತೋರಿಸಬಲ್ಲೆ." ನಂತರ 12 ನಿಮಿಷ ಜೋಡಿಯಲ್ಲಿ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು, ಅಂಚು ಕೂಡುವ ಜೋಡಿಗಳನ್ನೆಲ್ಲ ಹುಡುಕಿ ಬರೆಯುವುದು. 10 ನಿಮಿಷ ಸಿಕ್ಕಿದ್ದನ್ನು ಬೋರ್ಡಿಗೆ ತಂದು 1/2, 2/4, 3/6, 4/8 ಸಾಲಾಗಿ ಬರೆದು "ಏನು ಕಾಣುತ್ತಿದೆ?" ಎಂದು ಕೇಳುವುದು. ಸೂತ್ರವನ್ನು ನೀವು ಹೇಳಬೇಡಿ, ಎರಡು ದಿನ ತಡವಾದರೂ ಅವರ ಬಾಯಿಂದ ಬರಲಿ. 8 ನಿಮಿಷ ಪಟ್ಟಿ ಎತ್ತಿಟ್ಟು ನೋಟ್‌ಬುಕ್ಕಿನಲ್ಲಿ ಎರಡು ಲೆಕ್ಕ. ಕೊನೆಯ 5 ನಿಮಿಷ ಚೀಟಿ.

ಚೀಟಿ ಎಂದರೆ ನೋಟ್‌ಬುಕ್ ಹಾಳೆಯ ಕಾಲು ಭಾಗ, ಒಂದೇ ಪ್ರಶ್ನೆ, ಹೆಸರು. ಅದಕ್ಕೆ ಅಂಕ ಹಾಕಬೇಡಿ. ಅಂಕ ಬಂದ ಕೂಡಲೇ ಪಕ್ಕದವರ ಚೀಟಿಯತ್ತ ಕಣ್ಣು ಹೋಗುತ್ತದೆ. ಬಿಡುವಿನಲ್ಲಿ ಮೂರು ಗುಂಪು ಮಾಡಿ: ಉತ್ತರವೂ ಕಾರಣವೂ ಸರಿ, ಉತ್ತರ ಮಾತ್ರ ಸರಿ, ತಪ್ಪು. 30 ಚೀಟಿಗೆ ಆರೇಳು ನಿಮಿಷ. ಎರಡನೇ ಗುಂಪನ್ನು ಸರಿಯ ಜೊತೆ ಸೇರಿಸಬೇಡಿ, ಮುಂದೆ ಎಡವುವುದು ಅದೇ ಗುಂಪು. ಮರುದಿನದ ಮೊದಲ ಹತ್ತು ನಿಮಿಷ ಏನು ಮಾಡಬೇಕು ಎಂಬುದು ಈ ಚೀಟಿಗಳಿಂದ ತೀರ್ಮಾನವಾಗಲಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನಕ್ಕೆ, ಕಡತ ಕೇಳಿದಾಗ ಇವೇ ಚೀಟಿಗಳು ದಾಖಲೆಯಾಗಿಯೂ ನಿಲ್ಲುತ್ತವೆ.

ದಶಮಾಂಶದ ಅವಧಿಗೆ ಪೈಸೆ ನೆಚ್ಚಿಕೊಳ್ಳಬೇಡಿ. 25 ಪೈಸೆ ನಾಣ್ಯ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯಿತು, ಈಗಿನ ಮಕ್ಕಳು ಅದನ್ನು ಮುಟ್ಟಿಯೇ ಇಲ್ಲ. ಒಂದು ಮೀಟರ್ ಸುತಳಿ ಕೊಡಿ. ನಾಲ್ಕಾಗಿ ಮಡಿಸಿದರೆ 25 ಸೆಂ.ಮೀ., ಅಂದರೆ 0.25 ಮೀಟರ್. ಐದು ಸಮ ಭಾಗವಾದರೆ 20 ಸೆಂ.ಮೀ., 0.2 ಮೀಟರ್. 0.4 ಮೀಟರ್ ಎಂದರೆ 40 ಸೆಂ.ಮೀ. ಎಂದು ಟೇಪಿನ ಮೇಲೆ ತೋರಿಸಿ ಪಕ್ಕದಲ್ಲಿ ಕಾಲು ಮೀಟರ್ ಇಟ್ಟರೆ, 1/4 ಮತ್ತು 0.4 ಒಂದೇ ಅಲ್ಲ ಎಂಬುದು ಮಗುವಿಗೆ ಕಾಣುತ್ತದೆ.

ಬೇರೆ ವಿಷಯಗಳಲ್ಲಿ

ಭಾಷೆಯಲ್ಲೂ ಕ್ರಮ ಇದೇ. "ಪತ್ರ ಲೇಖನದ ಬಗ್ಗೆ ತಿಳಿಯುವರು" ಎಂಬುದರ ಬದಲು "ಬೀದಿಯ ನಲ್ಲಿ ಕೆಟ್ಟಿರುವ ಬಗ್ಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯುವರು, ಯಾರಿಗೆ, ಎಲ್ಲಿ, ಯಾವಾಗಿನಿಂದ, ಏನು ಆಗಬೇಕು ಎಂಬ ನಾಲ್ಕೂ ಅದರಲ್ಲಿ ಇರುತ್ತದೆ" ಎಂದು ಬರೆಯಿರಿ. ಪದ್ಯಕ್ಕೆ ಬಂದಾಗ ಸ್ವಲ್ಪ ಸಡಿಲ ಬಿಡಿ. ಪದ್ಯ ಕೇಳಿ ಮಗುವಿನ ಮುಖ ಅರಳಿದ್ದನ್ನು ಅಳೆಯಲಾಗದು, ಅಳೆಯಲಾಗದ್ದಕ್ಕೂ ಶಾಲೆಯಲ್ಲಿ ಹೊತ್ತು ಇರಬೇಕು. ಆ ಅವಧಿಗೆ ಫಲದ ಕಾಲಂನಲ್ಲಿ "ಒಟ್ಟಿಗೆ ಹಾಡುವುದು" ಎಂದು ಬರೆದರೆ ಏನೂ ತಪ್ಪಿಲ್ಲ.

ನಾಲ್ಕು ಮತ್ತು ಐದು ಒಂದೇ ಕೋಣೆಯಲ್ಲಿರುವ ಶಾಲೆಗಳಲ್ಲಿ ಎರಡು ಟಿಪ್ಪಣಿ ಬೇಡ. ಪಟ್ಟಿಗಳು ಒಂದೇ, ಚೀಟಿಯ ಪ್ರಶ್ನೆ ಬೇರೆ: ನಾಲ್ಕರವರಿಗೆ ಅರ್ಧ, ಕಾಲು, ಮುಕ್ಕಾಲು ಗುರುತಿಸುವುದು, ಐದರವರಿಗೆ ಸಮಾನ ಭಿನ್ನರಾಶಿ.

ಘಟಕ ಮುಗಿದ ದಿನ

ಕೊನೆಯ ಪ್ರಶ್ನೆಗಳನ್ನು ನೋಡಿದ ಮೇಲೆ ಟಿಪ್ಪಣಿಯ ಅಂಚಿನಲ್ಲಿ ಮೂರು ಸಾಲು ಬರೆದಿಡಿ: ಪ್ರತಿ ಫಲಕ್ಕೆ ಮೂರು ಗುಂಪಿನಲ್ಲಿ ಎಷ್ಟೆಷ್ಟು ಮಕ್ಕಳು, ಯಾವ ತಪ್ಪು ಹೆಚ್ಚು ಬಂತು, ಯಾವ ಪ್ರಶ್ನೆ ಬದಲಿಸಬೇಕು. ಮಾದರಿಗೆ: "ಗುಂಪಿನ ಭಾಗ 22, 5, 3. ಒಂದೇ ಪಾಲಿಗೆ ನಿಂತವರು ಹೆಚ್ಚು. 12ರ ಮುಕ್ಕಾಲು ಕೇಳಬಾರದು, 20 ಕೇಳಬೇಕು. ಮೂರು ಭಾಗದ ಪಟ್ಟಿಗೆ ಹಿಂದಿನ ದಿನವೇ ಗುರುತು ಹಾಕಿಸಬೇಕು." ಉಳಿದ ಮಕ್ಕಳ ಹೆಸರುಗಳನ್ನು ಅದೇ ಪುಟದಲ್ಲಿ, ಮುಂದಿನ ಘಟಕದ ಮೊದಲ ಖಾಲಿ ಅವಧಿಯ ದಿನಾಂಕದ ಎದುರು ಬರೆಯಿರಿ.